ಗಾಜಿನ ಗೆರೆ ಎಣಿಸುವ ಕಣ್ಣು

ಹಳೆಯ ಮಿಲ್ಲಿಂಗ್ ಮಷೀನಿನ ಹ್ಯಾಂಡಲನ್ನು ಒಂದಿಷ್ಟು ಮುಂದಕ್ಕೆ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿ. ಡಯಲ್ಲಿನ ಅಂಕಿ ಸರಿಯುತ್ತದೆ, ಟೇಬಲ್ ಮಾತ್ರ ಇದ್ದಲ್ಲೇ ಇರುತ್ತದೆ. ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲ ತೀರಿದ ಮೇಲೇ ಅದು ಅಲುಗುವುದು. ಇದೇ ಬ್ಯಾಕ್‌ಲ್ಯಾಶ್. ಪಳಗಿದವರು ಇದನ್ನು ಬಲ್ಲರು. ಅದಕ್ಕೇ ಸದಾ ಒಂದೇ ಕಡೆಯಿಂದ ಬಂದು ಅಳತೆ ಹಿಡಿಯುತ್ತಾರೆ.

ಡಿಜಿಟಲ್ ರೀಡೌಟ್, ಅಂದರೆ ವರ್ಕ್‌ಶಾಪಿನ ಬಾಯಲ್ಲಿ ಡಿಆರ್‌ಒ, ಸ್ಕ್ರೂವಿನ ಉಸಾಬರಿಗೇ ಹೋಗದೆ ನೇರ ಟೇಬಲ್ಲಿನ ಚಲನೆಯನ್ನೇ ಅಳೆಯುತ್ತದೆ. ಟೇಬಲ್ಲಿಗೆ ಬಿಗಿದ ಅಲ್ಯೂಮಿನಿಯಂ ಕವಚದೊಳಗೆ ಗಾಜಿನ ಪಟ್ಟಿ ಇರುತ್ತದೆ. ಅದರ ಮೇಲೆ ಸಾಮಾನ್ಯವಾಗಿ 20 ಮೈಕ್ರಾನಿಗೊಂದು ಗೆರೆ; ಮೀಟರಿಗೆ 50,000. ಪಕ್ಕದಲ್ಲೇ ಸರಿದಾಡುವ ರೀಡಿಂಗ್ ಹೆಡ್ಡಿನಲ್ಲೂ ಅಷ್ಟೇ ಅಂತರದ ಗೆರೆಗಳುಳ್ಳ ಪುಟ್ಟ ಗಾಜು. ಗೆರೆಯ ಮೇಲೆ ಗೆರೆ ಕೂತಾಗ ಸಂದಿಯಲ್ಲಿ ಬೆಳಕು ದಾಟುತ್ತದೆ. ಸಂದಿಗೆ ಗೆರೆ ಅಡ್ಡ ಬಂದಾಗ ಕತ್ತಲು. ಆಚೆ ಬದಿಯ ಸೆನ್ಸರ್ ಈ ಬೆಳಕು-ಕತ್ತಲನ್ನು ಎಣಿಸುತ್ತದೆ.

ಎಣಿಸಿದರಾಯಿತೇ? ಟೇಬಲ್ ಮುಂದೆ ಹೋಯಿತೋ ಹಿಂದೆ ಬಂತೋ ಗೊತ್ತಾಗುವುದು ಹೇಗೆ? ನನ್ನ ಮಟ್ಟಿಗೆ ಇಡೀ ಉಪಕರಣದ ಜಾಣತನ ಇರುವುದೇ ಇಲ್ಲಿ. ಒಂದರ ಬದಲು ಎರಡು ಕಣ್ಣು ಇಟ್ಟಿದ್ದಾರೆ, ಒಂದು ಗೆರೆಯಿಂದ ಇನ್ನೊಂದು ಗೆರೆಯವರೆಗಿನ ಅಂತರದ ಕಾಲು ಭಾಗದಷ್ಟು ಆಚೀಚೆ. ಯಾವ ಕಣ್ಣಿಗೆ ಮೊದಲು ಬೆಳಕು ಬಿತ್ತು ಎಂಬುದರಿಂದ ದಿಕ್ಕು ತಿಳಿಯುತ್ತದೆ. ಜೊತೆಗೊಂದು ಲಾಭವೂ ಉಂಟು: ಒಂದು ಗೆರೆ ದಾಟುವಷ್ಟರಲ್ಲಿ ಎರಡೂ ಸೇರಿ ನಾಲ್ಕು ಸಲ ಬದಲಾಗುವುದರಿಂದ, 20 ಮೈಕ್ರಾನಿನ ಪಟ್ಟಿಯಲ್ಲೇ 5 ಮೈಕ್ರಾನ್ ಓದಬಹುದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ.

ಬರೀ ಎಣಿಕೆ ಬಲ್ಲದ್ದಕ್ಕೆ ನೆನಪು ಕಡಿಮೆ. ಕರೆಂಟು ಹೋದಾಗ ಯಾರಾದರೂ ಹ್ಯಾಂಡಲ್ ತಿರುಗಿಸಿದರೆ ಲೆಕ್ಕ ತಪ್ಪಿತು. ಅದಕ್ಕೇ ಪಟ್ಟಿಯ ಮೇಲೆ ಬೇರೆಯದೇ ಒಂದು ಗುರುತಿರುತ್ತದೆ. ಕರೆಂಟು ಬಂದ ಮೇಲೆ ಹೆಡ್ಡನ್ನು ಅದರ ಮೇಲೆ ದಾಟಿಸಿದರೆ ಹಳೆಯ ಶೂನ್ಯ ಮತ್ತೆ ಸಿಗುತ್ತದೆ.

ಸಿಎನ್‌ಸಿ ಮಷೀನುಗಳಲ್ಲಿ ಹೆಚ್ಚಾಗಿ ಮೋಟರಿನ ಹಿಂದೆ ಕೂತ ದುಂಡನೆಯ ಎನ್‌ಕೋಡರ್ ಈ ಕೆಲಸ ಮಾಡುತ್ತದೆ. ಅದು ಎಣಿಸುವುದು ಸುತ್ತುಗಳನ್ನು. ಆದರೆ ಮೋಟರ್ ತಿರುಗಿಸುವ, ಟೇಬಲ್ಲನ್ನು ಸರಿಸುವ ಬಾಲ್ ಸ್ಕ್ರೂ ದಿನವಿಡೀ ಓಡಿದರೆ ಬಿಸಿಯಾಗಿ ಉದ್ದವಾಗುತ್ತದೆ. ಒಂದು ಮೀಟರ್ ಉಕ್ಕು ಒಂದೊಂದು ಡಿಗ್ರಿಗೂ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಎನ್‌ಕೋಡರಿಗೆ ಇದರ ಸುಳಿವೂ ಇರದು. ಹಾಗಾಗಿ ನಿಖರತೆ ಬೇಕಾದ ಕಡೆ ಅಲ್ಲಿಗೂ ಗಾಜಿನ ಪಟ್ಟಿಯೇ ಬರುತ್ತದೆ.

ಹಾಂ, ಡಿಆರ್‌ಒ ಬಂದರೂ ಸ್ಕ್ರೂವಿನ ಸಡಿಲ ಎಲ್ಲೂ ಹೋಗಿಲ್ಲ. ಕಟರ್ ಟೇಬಲ್ಲನ್ನು ಎಳೆದರೆ ಪರದೆ ಅದನ್ನು ತೋರಿಸೀತು, ತಡೆಯದು. ಹೊಸದಾಗಿ ಸ್ಕೇಲ್ ಕೂರಿಸುವವರು ಕವಚದ ರಬ್ಬರ್ ತುಟಿಗಳು ಕೆಳಮುಖವಾಗಿವೆಯೇ, ಚಿಪ್ಸ್ ಮತ್ತು ಕೂಲೆಂಟಿನಿಂದ ದೂರವಿವೆಯೇ ಎಂದು ಮೊದಲು ನೋಡಿಕೊಳ್ಳಿ.