ಸೂಕ್ಷ್ಮಜೀವಿಶಾಸ್ತ್ರದ ಪದವಿ: ಹಾಕಿದ ಹಣ ಮರಳುವುದೆ?

ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ಉಪಾಧ್ಯಾಯರ ಮನೆಯ ಜಗಲಿಗೆ ಬಿಡುವಿರುವುದಿಲ್ಲ. ಈಚೆಗೆ ನಮ್ಮೂರ ರೈತರೊಬ್ಬರು ಬಂದು ಕುಳಿತು, "ಮೇಷ್ಟ್ರೇ, ಮಗಳು ಬೆಂಗಳೂರಿನ ಕಾಲೇಜಲ್ಲಿ ಮೈಕ್ರೊಬಯಾಲಜಿ ಓದ್ತೀನಿ ಅಂತಾಳೆ. ಮನೆಯವಳ ಒಡವೆ ಅಡ ಇಟ್ಟು ಸೇರಿಸೋಣ ಅಂತಿದೀನಿ. ದುಡ್ಡು ಹಿಂದಕ್ಕೆ ಬರುತ್ತಾ?" ಎಂದು ಕೇಳಿದರು. ಕನ್ನಡ ಪಂಡಿತನಾದ ನನಗೆ ಆ ಶಾಸ್ತ್ರದ ಗಂಧವಿಲ್ಲ. ಆದರೆ ಕೂಡುವ ಕಳೆಯುವ ಲೆಕ್ಕ ಎಲ್ಲರಿಗೂ ಒಂದೇ. ಅಂದು ಅವರೊಡನೆ ಮಾಡಿದ ಲೆಕ್ಕವನ್ನು, ಅದೇ ಚಿಂತೆಯಲ್ಲಿರುವ ನಿಮ್ಮ ಮುಂದೆಯೂ ಇಡುತ್ತೇನೆ.

ಹಾಲನ್ನು ಮೊಸರಾಗಿಸುವ, ಹಿಟ್ಟನ್ನು ಹುಳಿಬರಿಸುವ, ಮನುಷ್ಯನಿಗೆ ಜ್ವರ ತರುವ ಕಣ್ಣಿಗೆ ಕಾಣದ ಜೀವಿಗಳನ್ನು ಬೆಳೆಸಿ, ಗುರುತಿಸಿ, ಎಣಿಸುವ ವಿದ್ಯೆಯಿದು. ಡೇರಿಗೂ ಔಷಧದ ಕಾರ್ಖಾನೆಗೂ ಕುಡಿಯುವ ನೀರಿನ ಪರೀಕ್ಷಾಲಯಕ್ಕೂ ಇದು ಬೇಕು. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವಗಳ ತಯಾರಿಕೆಯಿಂದ ಮೊದಲಾದ ಬಯೋಕಾನ್ ಸಂಸ್ಥೆ ಇಂದು ದೊಡ್ಡ ಔಷಧೋದ್ಯಮವಾಗಿ ಬೆಳೆದಿದೆ. ಆದುದರಿಂದ ವಿದ್ಯೆಗೆ ಬೆಲೆಯಿಲ್ಲವೆಂದು ಯಾರೂ ಹೇಳಲಾರರು. ನಮ್ಮ ಪ್ರಶ್ನೆ, ಮೂರು ವರ್ಷದ ಪದವಿಯೊಂದರಿಂದಲೇ ಎಷ್ಟು ದೊರೆತೀತು ಎಂಬುದು.

ಮೊದಲು ವೆಚ್ಚ. ಶುಲ್ಕ, ಊಟ, ವಸತಿ ಇವಿಷ್ಟನ್ನೇ ವೆಚ್ಚವೆಂದು ಎಣಿಸುವುದು ವಾಡಿಕೆ. ಓದದೆ ದುಡಿದಿದ್ದರೆ ಬರಬಹುದಾಗಿದ್ದ ಸಂಬಳವೂ ವೆಚ್ಚವೇ ಸರಿ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ನಿಮ್ಮ ಊರಿಗೆ ತಕ್ಕಂತೆ ಇವನ್ನು ಬದಲಿಸಿಕೊಳ್ಳಿ. ಮನೆಯಿಂದಲೇ ಸರಕಾರಿ ಕಾಲೇಜಿಗೆ ಹೋಗುವ ಹುಡುಗಿಗೆ ವರ್ಷಕ್ಕೆ 25,000 ರೂಪಾಯಿ, ಮೂರು ವರ್ಷಕ್ಕೆ 75,000. ಪಟ್ಟಣದ ಖಾಸಗಿ ಕಾಲೇಜು, ಹಾಸ್ಟೆಲುಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷ, ಒಟ್ಟು 4.5 ಲಕ್ಷ. ತಿಂಗಳಿಗೆ 10,000ದಂತೆ ಬಿಟ್ಟುಕೊಟ್ಟ ಸಂಬಳ ಇಬ್ಬರಿಗೂ 3.6 ಲಕ್ಷ. ಹೀಗೆ ಒಬ್ಬಳ ವೆಚ್ಚ 4.35 ಲಕ್ಷ, ಇನ್ನೊಬ್ಬಳದು 8.1 ಲಕ್ಷ.

ಇನ್ನು ಲಾಭ. ಇಡೀ ಸಂಬಳವನ್ನು ಪದವಿಯ ಲಾಭವೆಂದು ತಿಳಿಯಬಾರದು. ಪದವಿಯಿಲ್ಲದೆಯೂ ದೊರೆಯುತ್ತಿದ್ದುದನ್ನು ಕಳೆದು ಉಳಿದದ್ದೇ ಲಾಭ. ಆ ಹೆಚ್ಚಳ ತಿಂಗಳಿಗೆ 4,000 ಆದರೆ, ಮೊದಲನೆಯವಳ ಹಣ ಮರಳಲು ಒಂಬತ್ತು ವರ್ಷ, ಎರಡನೆಯವಳದಕ್ಕೆ ಸುಮಾರು ಹದಿನೇಳು ವರ್ಷ. ಹೆಚ್ಚಳ 8,000 ಆದರೆ ಕಾಲ ಅರ್ಧಕ್ಕಿಳಿಯುತ್ತದೆ. ಇದರಲ್ಲಿ ಬಡ್ಡಿ ಸೇರಿಲ್ಲ. ಬ್ಯಾಂಕಿನ ವಿದ್ಯಾಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದ ಮೇಲೆ ಆರಂಭವಾದರೂ, ಬಡ್ಡಿ ಅದಕ್ಕಾಗಿ ಕಾಯುವುದಿಲ್ಲ.

ಆ ಹೆಚ್ಚಳ ನಾಲ್ಕೋ ಎಂಟೋ ಎಂಬುದು ಯಾವ ಬಾಗಿಲು ತೆರೆಯುವುದೆಂಬುದನ್ನು ಅವಲಂಬಿಸಿದೆ. ಆಹಾರ, ಔಷಧಗಳ ಕಾರ್ಖಾನೆಗಳಲ್ಲಿ ಗುಣಪರೀಕ್ಷೆಯ ಕೆಲಸಕ್ಕೆ ಈ ಪದವಿ ನೇರವಾಗಿ ಒದಗುತ್ತದೆ. ಆಹಾರ ಸುರಕ್ಷತಾಧಿಕಾರಿಯ ಹುದ್ದೆಗೆ ಒಪ್ಪುವ ಪದವಿಗಳ ಸಾಲಿನಲ್ಲಿ 2011ರ ನಿಯಮಗಳು ಸೂಕ್ಷ್ಮಜೀವಿಶಾಸ್ತ್ರವನ್ನು ಹೆಸರಿಸಿದವು. ಆದರೆ ಸ್ಪರ್ಧೆ ಬಲವಾದುದು. ಆಸ್ಪತ್ರೆಯ ರಕ್ತಪರೀಕ್ಷೆಯ ಕೆಲಸ ಇದರಿಂದ ತಾನಾಗಿ ದೊರೆಯುವುದೆಂದು ಬಹುಮಂದಿ ನಂಬಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಕೇಳುವುದು ಪ್ರಯೋಗಾಲಯ ತಂತ್ರಜ್ಞರ ಡಿಪ್ಲೊಮವನ್ನೋ ಅದರದೇ ಪದವಿಯನ್ನೋ. ಸಂಶೋಧನೆಯತ್ತ ಹೋಗುವವರು ಎಂ.ಎಸ್ಸಿ. ಮುಗಿಸಿ ಸಿ.ಎಸ್.ಐ.ಆರ್. ಪರೀಕ್ಷೆಯಲ್ಲಿ ಕಿರಿಯ ಸಂಶೋಧಕ ವೇತನಕ್ಕೆ ಆಯ್ಕೆಯಾಗಬಹುದು. 2023ರ ಜನವರಿಯಿಂದ ಅದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಆ ದಾರಿ ಹಿಡಿಯುವವರು ಮೂರಲ್ಲ, ಐದು ವರ್ಷದ ಖರ್ಚಿಗೆ ಸಿದ್ಧರಿರಬೇಕು. ಮೊದಲ ಪದವಿಗೇ ಒಡವೆ ಹೋದರೆ ಎರಡನೆಯದಕ್ಕೆ ಏನು ಉಳಿದೀತು?

ಆದುದರಿಂದ ಸೇರುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಕಟ್ಟಡವನ್ನು ನೋಡಿ ಮಾರುಹೋಗದೆ ಪ್ರಯೋಗಶಾಲೆಯನ್ನು ನೋಡಿ. ಸೂಕ್ಷ್ಮದರ್ಶಕ, ಆಟೊಕ್ಲೇವ್, ಇನ್‌ಕ್ಯುಬೇಟರುಗಳು ನಡೆಯುತ್ತಿವೆಯೆ, ವಿದ್ಯಾರ್ಥಿಗಳು ತಾವೇ ಕೈಯಿಟ್ಟು ಮಾಡುತ್ತಾರೆಯೆ, ಇಲ್ಲವೆ ದೂರ ನಿಂತು ನೋಡುತ್ತಾರೆಯೆ, ಕೇಳಿ. ಜೊತೆಯ ವಿಷಯಗಳು ಯಾವುವೆಂದು ವಿಚಾರಿಸಿ. ರಸಾಯನಶಾಸ್ತ್ರ ಜೊತೆಗಿದ್ದರೆ ಕಾರ್ಖಾನೆಯ ಕೆಲಸಕ್ಕೆ ಅನುಕೂಲ. ಕಳೆದ ಮೂರು ವರ್ಷ ಓದಿ ಹೋದವರು ಈಗ ಎಲ್ಲಿದ್ದಾರೆಂಬ ಪ್ರಶ್ನೆಗೆ ಸರಿಯಾದ ಉತ್ತರ ಬಾರದಿದ್ದರೆ, ಅದನ್ನೇ ಉತ್ತರವೆಂದು ತಿಳಿಯಿರಿ.

ಲೆಕ್ಕ ಮುಗಿದ ಮೇಲೆ ಆ ರೈತರು ಬಹಳ ಹೊತ್ತು ಮಾತನಾಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಮಗಳೇ, "ಅಪ್ಪಾ, ಜಿಲ್ಲಾ ಕೇಂದ್ರದ ಸರಕಾರಿ ಕಾಲೇಜಲ್ಲೂ ಈ ವಿಷಯ ಇದೆ. ದಿನಾ ಬಸ್ಸಲ್ಲಿ ಹೋಗಿ ಬರ್ತೀನಿ. ಒಡವೆ ಎಂ.ಎಸ್ಸಿ.ಗೆ ಇರಲಿ," ಎಂದಳು. ನಮ್ಮಿಬ್ಬರಿಗಿಂತ ಅವಳ ಲೆಕ್ಕವೇ ಚೆನ್ನಾಗಿತ್ತು.