ಹಗಲು ನೌಕರಿ, ಇರುಳು ಪಾಠ

ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ಬಂದ ನಮ್ಮಂಥವರಿಗೆ ನಲವತ್ತರ ಹೊಸ್ತಿಲಲ್ಲಿ ಒಂದು ಚಿಂತೆ ಹತ್ತುವುದುಂಟು: ಈಗಿನ ಕೆಲಸ ಮಕ್ಕಳ ಓದು ಮುಗಿಯುವವರೆಗಾದರೂ ಉಳಿದೀತೇ? ಈ ಚಿಂತೆಯಿಂದಲೇ ಎರಡು ವರ್ಷದ ಕೆಳಗೆ ನಾವು ಮೂವರು ಗೆಳೆಯರು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ವಿದ್ಯೆಗೆ ಕೈಹಾಕಿದೆವು. ಒಬ್ಬರು ಸೂರತ್ತಿನ ಸೀರೆ ಮಾರುಕಟ್ಟೆಯಲ್ಲಿ ಗುಮಾಸ್ತರು; ಇನ್ನೊಬ್ಬರು ವಡೋದರಾದ ಕಾರ್ಖಾನೆಯೊಂದರ ಉಗ್ರಾಣದವರು; ಮೂರನೆಯವರು ವಡೋದರಾದಿಂದ ಅಹಮದಾಬಾದಿಗೆ ದಿನವೂ 'ಅಪ್‌ಡೌನ್' ಮಾಡುವವರು. (ಗುಜರಾತಿಗಳ ಈ ಮಾತು ಈಗ ನಮ್ಮ ಮನೆಮಾತೂ ಆಗಿದೆ.)

ಮೊದಲು ಮಾಡಿದ್ದು ತಪ್ಪನ್ನೇ. ಆರು ತಿಂಗಳಲ್ಲಿ ಹೊಸ ನೌಕರಿ ಖಂಡಿತವೆಂದ ಒಂದು ತರಗತಿಗೆ—ಹೆಸರು ಬೇಡ—ಮೂವರೂ ಹಣ ಕಟ್ಟಿದೆವು. ಸೂರತ್ತಿನವರು ಇದ್ದ ಕೆಲಸವನ್ನೂ ಬಿಟ್ಟರು. ಪಾಠ ಮುಗಿಯಿತು, ನೌಕರಿ ಬರಲಿಲ್ಲ. ಐದು ತಿಂಗಳು ಅವರ ಮನೆಯವರು ಹೊಲಿಗೆಯಿಂದ ಸಂಸಾರ ತೂಗಿಸಿದರು. ಕೊನೆಗೆ ಹಳೆಯ ಸೇಠರೇ ಮತ್ತೆ ಕರೆದರು. ಸಂಬಳ ಮಾತ್ರ ಮೊದಲಿಗಿಂತ ಕಡಿಮೆ. "ಇನ್ನೊಬ್ಬರಾದರೂ ತಿಳಿದುಕೊಳ್ಳಲಿ, ಬರೆಯಿರಿ" ಎಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆದಿದ್ದೇವೆ.

ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಪುಕ್ಕಟೆಯೆಂಬುದು ನಮಗೆ ತಿಳಿದದ್ದು ಆಮೇಲೆ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕೊಟ್ಟರಾಯಿತು. ಪ್ರೊ. ಮಾಧವನ್ ಮುಕುಂದ್ ಅವರ 8 ವಾರಗಳ ಪೈಥಾನ್ ಪಾಠವನ್ನು ಹಿಡಿದೆವು. ನಮಗೆ ಹಿಡಿದದ್ದು ಐದು ತಿಂಗಳು! ಬೆಳಗಿನ ರೈಲಿನಲ್ಲಿ ಆಣಂದದವರೆಗೆ ಕೇಳುವುದು, ನಡಿಯಾದದ ಹೊತ್ತಿಗೆ ತೂಕಡಿಸುವುದು. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಅಭ್ಯಾಸ. ಅದಕ್ಕಿಂತ ಹೆಚ್ಚಾದ ದಿನ ಮರುದಿನದ ಕಚೇರಿ ಲೆಕ್ಕದಲ್ಲಿ ತಪ್ಪು ನುಸುಳುತ್ತಿತ್ತು. ಭಾನುವಾರ ಕಂಪ್ಯೂಟರ್ ತೆರೆಯಕೂಡದೆಂಬುದು ಮನೆಯವರ ಕಟ್ಟಳೆ. ಆಗ ಗೊಣಗಿದ್ದೇನೋ ನಿಜ. ಆದರೆ ಆ ಕಟ್ಟಳೆಯಿಲ್ಲದಿದ್ದರೆ ಮಕ್ಕಳ ಕನ್ನಡ ಕಾಗುಣಿತ ಅಲ್ಲಿಗೇ ನಿಲ್ಲುತ್ತಿತ್ತು.

ಪಾಠವೇನೋ ಮುಗಿಯಿತು, ಮುಂದೇನು? ಪೇಟೆಯಲ್ಲಿ ದಿನಕ್ಕೊಂದು ಹೊಸ ವಿದ್ಯೆಯ ಹೆಸರು. ಆಗ ಸಂಘದ ಕಾರ್ಯದರ್ಶಿಗಳು ಮೂರೂ ಊರುಗಳ ಸದಸ್ಯರ ಪಟ್ಟಿಯನ್ನು ನಮ್ಮ ತಲೆಗೆ ಕಟ್ಟಿದರು. ಹೆಸರಿನ ಅಂಕಣಕ್ಕೆ ಎಂಟು ಅಕ್ಷರ ಸಾಕೆಂದು ಬರೆದೆವು. ವೆಂಕಟಲಕ್ಷ್ಮಮ್ಮನವರು 'ವೆಂಕಟಲಕ್' ಆಗಿಬಿಟ್ಟರು! ಕಣ್ಣಿಗೆ ಆರೇ ಅಕ್ಷರ. ಯಂತ್ರದ ಎಣಿಕೆಯಲ್ಲಿ ಹದಿನಾಲ್ಕು. 'ಕನ್ನಡ' ಎಂಬುದೂ ನಮಗೆ ಮೂರು, ಅದಕ್ಕೆ ಐದು: ಯೂನಿಕೋಡಿನಲ್ಲಿ ಒತ್ತಕ್ಷರವನ್ನು ವ್ಯಂಜನ, ವಿರಾಮಚಿಹ್ನೆ, ಮತ್ತೊಂದು ವ್ಯಂಜನ ಎಂದು ಬಿಡಿಬಿಡಿಯಾಗಿ ಇಡುತ್ತಾರೆ. ಇದನ್ನು ಸರಿಪಡಿಸಲು ಹದಿನೈದು ರಾತ್ರಿ ಹೋದವು. ಯಾವ ಪಾಠದಲ್ಲೂ ಸಿಗದ ಹುರುಪು ಇಲ್ಲಿ ಸಿಕ್ಕಿತು.

ಅಲ್ಲಿಂದ ಮೂವರ ದಾರಿ ಮೂರಾಯಿತು. ಅಪ್‌ಡೌನಿನವರಿಗೆ ಕನ್ನಡವನ್ನು ಯಂತ್ರಕ್ಕೆ ಹೊಂದಿಸುವ ಕೆಲಸವೇ ರುಚಿಸಿದೆ. ಸಂಬಳ ತರುವಷ್ಟು ಇನ್ನೂ ಬೆಳೆದಿಲ್ಲ. ಉಗ್ರಾಣದವರು ಅವಧಿ ಮುಗಿಯುವ ಸರಕನ್ನು ಮೊದಲೇ ತೋರಿಸುವ ಪ್ರೋಗ್ರಾಮೊಂದನ್ನು ಮಾಡಿ, ಅದೇ ಕಾರ್ಖಾನೆಯಲ್ಲಿ ಲೆಕ್ಕಪತ್ರದ ವಿಭಾಗಕ್ಕೆ ಏರಿದ್ದಾರೆ. ಸೂರತ್ತಿನವರು ಮಾತ್ರ "ಇದು ನನ್ನ ಪಾಲಿನದಲ್ಲ" ಎಂದು ಪುಸ್ತಕ ಮುಚ್ಚಿದರು. ಅವರನ್ನು ಸೋತವರೆನ್ನಲು ನಮಗೆ ಮನಸ್ಸಿಲ್ಲ. ಮನೆಯವರ ಹೊಲಿಗೆಯನ್ನೇ ಈಗ ಇಬ್ಬರೂ ಸೇರಿ ಅಂಗಡಿಯಾಗಿ ಬೆಳೆಸುತ್ತಿದ್ದಾರೆ.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮುಂದೆ ಹೋಗುವಾಗಲೆಲ್ಲ ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್ ನೆನಪಾಗುತ್ತಾರೆ. ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ಅಲ್ಲಿ ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದ ಅವರು, ನಲವತ್ತು ದಾಟಿದ ಮೇಲೆ ಬೆಂಗಳೂರಿನ ಪೀಣ್ಯದ ಷೆಡ್ಡುಗಳಲ್ಲಿ ದೇಶದ ಮೊದಲ ಉಪಗ್ರಹ ಕಟ್ಟುವ ತಂಡವನ್ನು ನಡೆಸಿದರು. 1975ರ ಏಪ್ರಿಲ್ 19ರಂದು ಆರ್ಯಭಟ ಮೇಲೇರಿದಾಗ ಅವರಿಗೆ 43. ಅವರೊಡನೆ ನಮ್ಮನ್ನು ಹೋಲಿಸಿಕೊಂಡರೆ ನಗೆಗೀಡು. ವಯಸ್ಸಿನ ಲೆಕ್ಕವನ್ನಷ್ಟೇ ಧೈರ್ಯಕ್ಕೆ ಇಟ್ಟುಕೊಂಡಿದ್ದೇವೆ.

ಸದಸ್ಯರ ಪಟ್ಟಿ ಈಗ ಸಿದ್ಧವಾಗಿದೆ. ಯಾರ ಹೆಸರಿನ ಒತ್ತಾದರೂ ಇನ್ನೂ ಕಳಚಿದ್ದರೆ ದಯವಿಟ್ಟು ತಿಳಿಸಬೇಕು.