ವಾಹನದ ದಂಡ: ಕಟ್ಟಿಬಿಡುವುದೋ, ಕೋರ್ಟಿಗೆ ಹೋಗುವುದೋ?



ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ, ಅಡಿಕೆ ಗೊನೆ ಇಳಿಸುವ ಕಾಲದಲ್ಲಿ ನಮ್ಮ ಪಿಕಪ್ಪು, ಟ್ರ್ಯಾಕ್ಟರುಗಳಿಗೆ ಬಿಡುವೆಂಬುದಿಲ್ಲ. ಹರದನಹಳ್ಳಿಯಿಂದ ಹೊಳೆನರಸೀಪುರ, ಅಲ್ಲಿಂದ ಹಾಸನ, ಇಲ್ಲವೆ ಅರಕಲಗೂಡು, ಚನ್ನರಾಯಪಟ್ಟಣ ಎಂದು ಓಡಾಟ ನಡೆದೇ ಇರುತ್ತದೆ. ದಾರಿಯಲ್ಲಿ ತಡೆದು ದಂಡ ಹಾಕಿದರೆ "ಕೋರ್ಟಿನಲ್ಲೇ ನೋಡಿಕೊಳ್ಳುತ್ತೇನೆ" ಎಂದು ಸಿಟ್ಟಿನಲ್ಲಿ ಹೇಳಿಬಿಡುವವರು ಬಹಳ. ಹಾಗೆ ಹೇಳುವ ಮೊದಲು ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ.

ಸ್ಥಳದಲ್ಲಿ ಕಟ್ಟುವ ದಂಡ ಬೇರೆ, ಕೋರ್ಟು ವಿಧಿಸುವ ದಂಡ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಂತೆ ಕೆಲವು ಅಪರಾಧಗಳನ್ನು, ರಾಜ್ಯ ಸರ್ಕಾರ ಗೊತ್ತುಪಡಿಸಿದ ಹಣ ಕಟ್ಟಿಸಿಕೊಂಡು, ಅಧಿಕಾರಿಯೇ ಅಲ್ಲಿಗೇ ಮುಗಿಸಬಹುದು. 2019ರಲ್ಲಿ ಕೇಂದ್ರ ಸರ್ಕಾರ ದಂಡಗಳನ್ನು ಏರಿಸಿದಾಗ ನಮ್ಮ ರಾಜ್ಯ ಅದೇ ಸೆಪ್ಟೆಂಬರಿನಲ್ಲಿ ಹಲವನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಕಾಯ್ದೆಯಲ್ಲಿ 1,000 ರೂಪಾಯಿ, ಇಲ್ಲಿ ಸ್ಥಳದಲ್ಲಿ ಕಟ್ಟಿದರೆ 500. ಈ ಇಳಿಸಿದ ದರ ಅಧಿಕಾರಿಯ ಬಳಿ ಕಟ್ಟುವವರಿಗೆ. ಕೋರ್ಟಿನಲ್ಲಿ ತಪ್ಪು ಸಾಬೀತಾದರೆ ನ್ಯಾಯಾಧೀಶರ ಮುಂದಿರುವುದು ಕಾಯ್ದೆಯ ಪುಸ್ತಕ. ಆ ಪುಸ್ತಕದಲ್ಲಿ ಹೆಲ್ಮೆಟ್ ತಪ್ಪಿಗೆ ಮೂರು ತಿಂಗಳು ಲೈಸೆನ್ಸಿಗೆ ಅನರ್ಹತೆ ಎಂದೂ ಬರೆದಿದೆ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ ಎಂಬುದು ನಿಮಗೇ ಗೊತ್ತಿದ್ದ ಮೇಲೆ 500 ಉಳಿಸಲು ಹೋಗಿ ಇದನ್ನು ಮೈಮೇಲೆ ಎಳೆದುಕೊಳ್ಳುವುದೇಕೆ?

ಇನ್ನೊಂದು, ಕೇಸು ನಡೆಯುವುದು ತಪ್ಪು ನಡೆದಿದೆಯೆನ್ನುವ ಊರಿನಲ್ಲಿ. ಚನ್ನರಾಯಪಟ್ಟಣದಲ್ಲಿ ಹಿಡಿದದ್ದಾದರೆ ಅಲ್ಲಿನ ಕೋರ್ಟು, ಬೆಂಗಳೂರಿನದಾದರೆ ಬೆಂಗಳೂರೇ. ಹೊಳೆನರಸೀಪುರದಲ್ಲಿ ಮುಗಿಸಿಕೊಳ್ಳೋಣವೆಂದರೆ ಆಗದು. ವಾಯಿದೆ ಒಂದೇ ದಿನಕ್ಕೆ ಮುಗಿಯುತ್ತದೆಂಬ ಭರವಸೆಯೂ ಇಲ್ಲ. ಬಸ್ ಚಾರ್ಜು, ವಕೀಲರ ಫೀಜು, ಕುಯ್ಲಿನ ದಿನ ಆಳುಗಳನ್ನು ಬಿಟ್ಟು ಹೋಗುವ ನಷ್ಟ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ದಂಡದ ಪಕ್ಕದಲ್ಲಿಟ್ಟು ನೋಡಿ.

ಹಾಗಾದರೆ ತಕರಾರು ಮಾಡಲೇಬಾರದೆ? ಮಾಡಬೇಕಾದ ಸಂದರ್ಭಗಳಿವೆ. ನನ್ನದೇ ಅನುಭವ ಹೇಳುತ್ತೇನೆ. ನಾನು ಕಾಲಿಡದ ಒಂದು ಪಟ್ಟಣದಿಂದ ನನ್ನ ಪಿಕಪ್ಪಿನ ನಂಬರಿಗೆ ನೋಟೀಸು ಬಂತು. ಆಪಾದನೆ, ಹೆಲ್ಮೆಟ್ ಧರಿಸಿಲ್ಲ! ಚಿತ್ರ ತೆರೆದರೆ ಅಲ್ಲಿದ್ದದ್ದು ಯಾರದೋ ಸ್ಕೂಟರು. ನಂಬರಿನ ಕೊನೆಯ 3 ಅನ್ನು 8 ಎಂದು ಓದಿಕೊಂಡಿದ್ದರು. ಮನೆಯವರು "ಐನೂರು ತಾನೆ, ಬಿಸಾಕಿ ಬನ್ನಿ" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕಟ್ಟಿದರೆ ಮಾಡದ ತಪ್ಪು ನನ್ನ ಗಾಡಿಯ ಲೆಕ್ಕದಲ್ಲಿ ಉಳಿಯುತ್ತದೆ. ಆರ್.ಸಿ.ಯ ಪ್ರತಿ, ಗಾಡಿಯ ಫೋಟೋ ಸೇರಿಸಿ ಚಲನ್ ಜಾಲತಾಣದ ದೂರಿನ ವಿಭಾಗಕ್ಕೆ ಕಳಿಸಿದೆ. ಕೆಲವು ವಾರಗಳಲ್ಲಿ ರದ್ದಾಯಿತು, ಕೋರ್ಟಿನ ಮೆಟ್ಟಿಲು ಹತ್ತಬೇಕಾಗಲಿಲ್ಲ. 2021ರ ಆಗಸ್ಟಿನಲ್ಲಿ ಬಂದ ನಿಯಮದಂತೆ ಕ್ಯಾಮರಾದ ಕೇಸಿನಲ್ಲಿ ತಪ್ಪನ್ನೂ ನಂಬರ್ ಪ್ಲೇಟನ್ನೂ ತೋರಿಸುವ ಚಿತ್ರ, ಸ್ಥಳ, ದಿನಾಂಕ, ವೇಳೆ ನೋಟೀಸಿನಲ್ಲಿರಬೇಕು. ನೋಟೀಸು 15 ದಿನದೊಳಗೆ ಹೊರಡಬೇಕು. ಮೊದಲು ಚಿತ್ರವನ್ನು ನೋಡಿ, ಆಮೇಲೆ ಸಿಟ್ಟು ಮಾಡಿಕೊಳ್ಳಿ.

ಮಾರಿದ ಗಾಡಿಯ ಮೇಲೆ ಬರುವ ನೋಟೀಸು ಇನ್ನೊಂದು ತಲೆನೋವು. ಕೈಗೆ ದುಡ್ಡು ಬಂತೆಂದು ಸುಮ್ಮನಾಗಬಾರದು. ರಾಜ್ಯದೊಳಗೆ ಮಾರಿದ್ದಾದರೆ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ತಿಳಿಸಿದ ದಾಖಲೆಯೇ ಇಲ್ಲದಿದ್ದರೆ ತಕರಾರಿಗೆ ಬಲವಿರದು.

ನಮಗೆ ನಿಜವಾಗಿ ಹೊಡೆತ ಬೀಳುವುದು ಹೆಚ್ಚು ಹೇರಿದ್ದಕ್ಕೆ. 2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸದೆ ಗಾಡಿ ಮುಂದೆ ಹೋಗುವಂತೆಯೂ ಇಲ್ಲ. ಇಳಿಸಿದ ಮಾಲಿನ ಜವಾಬ್ದಾರಿಯೂ ನಮ್ಮದೇ. ಹಸಿ ಅಡಿಕೆ, ಆಗ ತಾನೆ ಕುಯ್ದ ಹಣ್ಣು ಕಣ್ಣಳತೆಗಿಂತ ಭಾರ ಎಂಬುದು ಎಲ್ಲರಿಗೂ ತಿಳಿದದ್ದೇ, ಆದರೂ "ಇನ್ನೆರಡು ಚೀಲ ಹಾಕು" ಎನ್ನುವ ಚಾಳಿ ಬಿಟ್ಟಿಲ್ಲ. ಅಧಿಕಾರಿ ಕಣ್ಣಂದಾಜಿನಲ್ಲಿ ಹೆಚ್ಚೆಂದರೆ ವೇ ಬ್ರಿಡ್ಜಿನಲ್ಲಿ ತೂಗಿಸಿ ಎಂದು ವಿನಯದಿಂದ ಕೇಳಿ. ಮುಂದಿನ ದಾರಿಯಲ್ಲಿ 10 ಕಿಲೋಮೀಟರಿನೊಳಗೆ ತೂಗುವ ಯಂತ್ರವಿದ್ದರೆ ಅಲ್ಲಿಗೆ ಕರೆದೊಯ್ಯುವ ಅಧಿಕಾರ ಅವರಿಗೆ 114ನೇ ಕಲಮಿನಲ್ಲಿದೆ. ಹೊರಡುವಾಗಲೇ ತೂಗಿಸಿದ ಚೀಟಿ ಜೇಬಿನಲ್ಲಿದ್ದು ಎರಡು ತೂಕ ತಾಳೆಯಾಗದಿದ್ದರೆ, ಅಷ್ಟು ದೊಡ್ಡ ಹಣಕ್ಕೆ ವಕೀಲರನ್ನು ಕಂಡು ಕೋರ್ಟಿಗೆ ಹೋಗುವುದರಲ್ಲಿ ಅರ್ಥವಿದೆ. ಚೀಟಿಯೂ ಇಲ್ಲ, ಹೇರಿದ್ದೂ ನಿಜವಾದರೆ ಕಟ್ಟಿಬಿಡುವುದೇ ಲೇಸು.

ಕಟ್ಟದೆ, ತಕರಾರೂ ಮಾಡದೆ ಸುಮ್ಮನೆ ಕೂರುವುದು ಮಾತ್ರ ಬೇಡ. ಕೋರ್ಟಿನಿಂದ ಸಮನ್ಸು ಬರಬಹುದು. 2023ರ ಫೆಬ್ರವರಿಯಲ್ಲಿ, ಮತ್ತೆ 2025ರಲ್ಲಿ ಹಳೆಯ ಬಾಕಿಗೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟದ್ದನ್ನು ನೆನೆದು ಕಾಯುವವರಿದ್ದಾರೆ. ಅದು ಮತ್ತೆ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಆರ್.ಸಿ.ಯಲ್ಲಿ ಹಳೆಯ ಮೊಬೈಲ್ ನಂಬರಿದ್ದರೆ ಈ ವಾರವೇ ಬದಲಾಯಿಸಿಕೊಳ್ಳಿ. ನೋಟೀಸಿನ ಸಂದೇಶ ಹೋಗುವುದು ಆ ನಂಬರಿಗೆ.